ಹದಿಹರೆಯದ ಮಕ್ಕಳಿಗೆ ಡೆಬಿಟ್ ಕಾರ್ಡೋ ಕ್ರೆಡಿಟ್ ಕಾರ್ಡೋ: ಖಾತೆ ತೆರೆಯುವುದರಿಂದ 18 ತುಂಬುವವರೆಗಿನ ಹಂತಗಳು

ಮಗನಿಗೋ ಮಗಳಿಗೋ ಕಾರ್ಡ್ ಕೊಡಿಸಲು ಹೊರಟ ಪೋಷಕರು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಮೊದಲು ಕಾರ್ಡ್ ಆರಿಸುತ್ತಾರೆ. ಅದರ ಹಿಂದೆ ಯಾವ ಹಣವಿದೆ, ಒಟಿಪಿ ಯಾರ ಫೋನಿಗೆ ಬರುತ್ತದೆ, ದಿನದ ಮಿತಿ ಎಷ್ಟು ಎಂಬುದನ್ನು ಆಮೇಲೆ ನೋಡೋಣ ಎಂದು ಬಿಡುತ್ತಾರೆ. ಆ 'ಆಮೇಲೆ' ಬರುವುದು ಖಾತೆಯಿಂದ ಹಣ ಹೋದ ದಿನ. ಕೆಲಸ ಆಗಬೇಕಾದ ಕ್ರಮ ಇದಕ್ಕೆ ತಲೆಕೆಳಗು: ಮೊದಲು ಖಾತೆ, ನಂತರ ಮೊಬೈಲ್ ನಂಬರು, ನಂತರ ಮಿತಿ, ಕಟ್ಟಕಡೆಗೆ ಕಾರ್ಡ್ ಮಕ್ಕಳ ಕೈಗೆ.

ಇಲ್ಲಿನ ಹಂತಗಳು ಭಾರತದ ಬ್ಯಾಂಕುಗಳಿಗೆ, 13ರಿಂದ 19ರ ವಯಸ್ಸಿನವರಿಗೆ ಅನ್ವಯಿಸುವಂಥವು.

ಕೈಯಲ್ಲಿ ಏನೇನಿರಬೇಕು

ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಪಾಸ್‌ಪೋರ್ಟ್ ಅಳತೆಯ ಎರಡು ಫೋಟೊ, ಪೋಷಕರ ಆಧಾರ್ ಮತ್ತು ಪ್ಯಾನ್. ಮಗುವಿಗೆ ಪ್ಯಾನ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಅದರ ಬದಲಿಗೆ ಕೊಡುವ ಘೋಷಣಾ ಪತ್ರವನ್ನು ಶಾಖೆಯಲ್ಲೇ ತುಂಬಿಸಿಕೊಳ್ಳುತ್ತಾರೆ.

ಮನೆಯಿಂದ ಹೊರಡುವ ಮುಂಚೆ ಆಧಾರ್ ಸರಿಯಿದೆಯೇ ನೋಡಿ. 15 ತುಂಬಿದ ಮೇಲೆ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಹೊಸದಾಗಿ ಕೊಡಲೇಬೇಕು. ಇದನ್ನು ಮಾಡಿಸದೆ ಬ್ಯಾಂಕಿಗೆ ಹೋದರೆ ಬೆರಳಚ್ಚು ಹೊಂದದೆ ಕೆವೈಸಿ, ಅಂದರೆ ಗ್ರಾಹಕರ ಗುರುತಿನ ಪರಿಶೀಲನೆ, ಅಲ್ಲೇ ನಿಲ್ಲುತ್ತದೆ, ಗುಮಾಸ್ತರು ಕೈಚೆಲ್ಲುತ್ತಾರೆ, ಒಂದು ದಿನ ವ್ಯರ್ಥ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಇನ್ನೂ ಬಳಕೆಯಲ್ಲಿದೆಯೇ ಎಂಬುದೂ ಮುಖ್ಯ.

ಹಂತ 1: ವಯಸ್ಸಿಗೆ ಯಾವುದು ಸಿಗುತ್ತದೆ ಎಂದು ನೋಡಿ

18 ತುಂಬದವರಿಗೆ ಅವರದೇ ಹೆಸರಿನಲ್ಲಿ ಕ್ರೆಡಿಟ್ ಕಾರ್ಡ್ ಸಿಗುವುದಿಲ್ಲ. ಕ್ರೆಡಿಟ್ ಕಾರ್ಡ್ ಎಂದರೆ ಸಾಲದ ಕರಾರು. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪ್ರಾಪ್ತ ವಯಸ್ಕರು ಕರಾರು ಮಾಡಿಕೊಳ್ಳುವಂತಿಲ್ಲ. ಹಾಗಾಗಿ "16 ವರ್ಷಕ್ಕೇ ಕ್ರೆಡಿಟ್ ಕಾರ್ಡ್" ಎಂದು ಯಾರಾದರೂ ಹೇಳಿದರೆ ಅದು ಒಂದೋ ನಿಮ್ಮ ಕ್ರೆಡಿಟ್ ಕಾರ್ಡಿಗೇ ಸೇರಿಸಿ ಕೊಡುವ ಹೆಚ್ಚುವರಿ ಕಾರ್ಡ್, ಅಂದರೆ ಆ್ಯಡ್-ಆನ್, ಇಲ್ಲವೇ ಮೊದಲೇ ಹಣ ತುಂಬಿ ಬಳಸುವ ಪ್ರಿಪೇಯ್ಡ್ ಕಾರ್ಡ್, ಇಲ್ಲವೇ ವಂಚನೆ.

ಆ್ಯಡ್-ಆನ್ ಕಾರ್ಡಿಗೂ ಬಹುತೇಕ ಬ್ಯಾಂಕುಗಳು 18 ಕೇಳುತ್ತವೆ, ಕೆಲವು 15ಕ್ಕೇ ಕೊಡುತ್ತವೆ. ಅದರ ಮೇಲೆ ಮಗು ಮಾಡಿದ ಪ್ರತಿ ರೂಪಾಯಿ ಖರ್ಚಿಗೂ ಮೂಲ ಕಾರ್ಡುದಾರರೇ, ಅಂದರೆ ನೀವೇ, ಹೊಣೆ.

ಉಳಿತಾಯ ಖಾತೆಯ ದಾರಿ ಸಲೀಸು. ಪೋಷಕರ ಮೂಲಕ ಯಾವ ವಯಸ್ಸಿನಲ್ಲೂ ಖಾತೆ ತೆರೆಯಬಹುದು, ತಾಯಿಯೇ ಪೋಷಕಿಯಾಗಿ ಸಹಿ ಹಾಕಬಹುದು. 10 ತುಂಬಿದವರು ಸ್ವತಃ ಖಾತೆ ತೆರೆದು ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿತ್ತು. 2025ರ ಏಪ್ರಿಲ್‌ನಲ್ಲಿ ಆ ನಿಯಮಗಳನ್ನು ಪರಿಷ್ಕರಿಸಿತು. ಎಟಿಎಂ ಕಾರ್ಡ್, ನೆಟ್ ಬ್ಯಾಂಕಿಂಗ್ ಕೊಡಬೇಕೇ, ಎಷ್ಟು ಮಿತಿ ಇಡಬೇಕು ಎಂಬುದು ಆಯಾ ಬ್ಯಾಂಕಿಗೆ ಬಿಟ್ಟದ್ದು. ಆದ್ದರಿಂದಲೇ ಒಂದು ಬ್ಯಾಂಕಿನಲ್ಲಿ ಕೊಟ್ಟದ್ದು ಪಕ್ಕದ ಬ್ಯಾಂಕಿನಲ್ಲಿ ಇಲ್ಲ. ಸ್ಟೇಟ್ ಬ್ಯಾಂಕ್ ಎರಡು ಬಗೆಯ ಖಾತೆ ಇಟ್ಟಿದೆ: ಪೋಷಕರ ಜೊತೆ ಜಂಟಿಯಾಗಿ ನಡೆಯುವ 'ಪೆಹ್ಲಾ ಕದಮ್', 10 ದಾಟಿ ಒಂದೇ ರೀತಿ ಸಹಿ ಮಾಡಬಲ್ಲ ಮಕ್ಕಳಿಗೆ 'ಪೆಹ್ಲೀ ಉಡಾನ್'.

ಅಪ್ರಾಪ್ತರ ಖಾತೆಯ ಒಂದು ನಿಯಮ ನಿಮ್ಮ ಪರವಾಗಿದೆ. ಖಾತೆ ಎಂದೂ ಸೊನ್ನೆಗಿಂತ ಕೆಳಗೆ ಇಳಿಯುವಂತಿಲ್ಲ, ಓವರ್‌ಡ್ರಾಫ್ಟ್ ಕೊಡುವಂತಿಲ್ಲ. ಹೋದರೂ ಅದರಲ್ಲಿ ಇದ್ದಷ್ಟೇ ಹೋಗುತ್ತದೆ.

ಹಂತ 2: ಕಾರ್ಡ್ ಯಾವ ಹಣಕ್ಕೆ ಬಾಗಿಲು ಎಂದು ತೀರ್ಮಾನಿಸಿ

ಡೆಬಿಟ್ಟೋ ಕ್ರೆಡಿಟ್ಟೋ ಎಂಬ ಪ್ರಶ್ನೆಗಿಂತ ದೊಡ್ಡದು ಇದು: ಕಾರ್ಡ್ ಕಳೆದರೆ, ಅಥವಾ ಮಗು ಮೋಸ ಹೋದರೆ, ಎಷ್ಟು ಹಣ ಒಂದೇ ಏಟಿಗೆ ಹೋಗಬಲ್ಲದು? ನಿಮ್ಮ ಸಂಬಳದ ಖಾತೆಯ ಡೆಬಿಟ್ ಕಾರ್ಡನ್ನೇ ಮಗುವಿಗೆ ಕೊಟ್ಟಿದ್ದರೆ ಉತ್ತರ 'ತಿಂಗಳ ಸಂಬಳ'. ಎರಡು ಲಕ್ಷ ಮಿತಿಯ ಕ್ರೆಡಿಟ್ ಕಾರ್ಡಿನ ಆ್ಯಡ್-ಆನ್ ಕೊಟ್ಟು ಒಳಮಿತಿ ಇಡದಿದ್ದರೆ 'ಎರಡು ಲಕ್ಷ'. ₹1,500 ಇರುವ ಮಗುವಿನ ಖಾತೆಯ ಡೆಬಿಟ್ ಕಾರ್ಡ್ ಆದರೆ '₹1,500'.

13ರಿಂದ 17ರವರೆಗೆ ಮಗುವಿನದೇ ಖಾತೆಯ ಡೆಬಿಟ್ ಕಾರ್ಡ್ ಸರಿಯಾದ ಆಯ್ಕೆ. ಉಳಿದವು ನಿರ್ದಿಷ್ಟ ಸಂದರ್ಭಗಳಿಗೆ ಮಾತ್ರ.

*ಪ್ರಿಪೇಯ್ಡ್ ಕಾರ್ಡ್.* ಹದಿಹರೆಯದವರಿಗೆಂದೇ ಬರುವ ಆ್ಯಪ್‌ಗಳ ಕಾರ್ಡುಗಳು ಹೆಚ್ಚಾಗಿ ಈ ಜಾತಿಯವು. ಪೂರ್ಣ ಕೆವೈಸಿ ಇಲ್ಲದ ಚಿಕ್ಕ ಪ್ರಿಪೇಯ್ಡ್ ಕಾರ್ಡಿನಲ್ಲಿ ಯಾವಾಗಲೂ ₹10,000ಕ್ಕಿಂತ ಹೆಚ್ಚು ಇಡುವಂತಿಲ್ಲ, ಅದರಿಂದ ನಗದು ತೆಗೆಯಲೂ ಆಗದು, ಖರೀದಿಗೆ ಮಾತ್ರ. ಒಳಗಿರುವ ಹಣಕ್ಕೆ ಬಡ್ಡಿ ಇಲ್ಲ. ಬ್ಯಾಂಕಿಗೆ ಅಲೆಯಲು ಆಗದವರಿಗೆ ಅನುಕೂಲ, ಆದರೆ ಖಾತೆ ನಡೆಸುವುದನ್ನು ಮಗು ಇದರಿಂದ ಕಲಿಯುವುದಿಲ್ಲ. ಕಾರ್ಡ್ ಬದಲಿ ಶುಲ್ಕ, ಹಣ ತುಂಬುವ ಶುಲ್ಕ, ಬಳಸದೆ ಬಿಟ್ಟರೆ ಕಡಿಯುವ ಶುಲ್ಕ, ಈ ಮೂರನ್ನೂ ಮುಂಚೆಯೇ ಓದಿ.

*ಆ್ಯಡ್-ಆನ್ ಕ್ರೆಡಿಟ್ ಕಾರ್ಡ್.* ಹಾಸ್ಟೆಲಿನಲ್ಲಿರುವ ಅಥವಾ ದೂರ ಪ್ರಯಾಣ ಹೋಗುವ 17-18ರ ಮಕ್ಕಳಿಗೆ ತುರ್ತು ಆಸರೆಯಾಗಿ ಪರವಾಗಿಲ್ಲ, ಅದೂ ನಿಮ್ಮ ಬ್ಯಾಂಕು ಆ್ಯಡ್-ಆನ್‌ಗೆ ಪ್ರತ್ಯೇಕ ಮಿತಿ ಇಡಲು ಬಿಟ್ಟರೆ ಮಾತ್ರ. ಒಳಮಿತಿಯ ಸೌಲಭ್ಯ ಇಲ್ಲವೆಂದರೆ ಬೇಡ. "ಈಗಿನಿಂದಲೇ ಅವನ ಸಿಬಿಲ್ ಅಂಕ (ಸಾಲ ತೀರಿಸುವ ನಡತೆಗೆ ಸಿಗುವ ಅಂಕ) ಬೆಳೆಯಲಿ" ಎಂಬ ಆಸೆಗೆ ಇದನ್ನು ಕೊಡಿಸುವವರಿದ್ದಾರೆ. ಆ್ಯಡ್-ಆನ್ ವಹಿವಾಟು ದಾಖಲಾಗುವುದು ಮೂಲ ಕಾರ್ಡುದಾರರ ಲೆಕ್ಕಕ್ಕೆ. ಬಾಕಿ ಉಳಿದರೆ ಕೆಡುವುದೂ ನಿಮ್ಮ ಅಂಕವೇ.

*ಯುಪಿಐ ಸರ್ಕಲ್.* ಇದು ಕಾರ್ಡ್ ಅಲ್ಲ, ಆದರೆ ಎಷ್ಟೋ ಮನೆಗಳಿಗೆ ಕಾರ್ಡಿನ ಅಗತ್ಯವನ್ನೇ ತಪ್ಪಿಸುತ್ತದೆ. 2024ರಿಂದ ಬಂದ ಈ ವ್ಯವಸ್ಥೆಯಲ್ಲಿ ಮಗು ತನ್ನ ಫೋನಿನಿಂದ ನಿಮ್ಮ ಖಾತೆಯ ಹಣ ಪಾವತಿಸಬಹುದು. ಪ್ರತಿ ಪಾವತಿಗೂ ನಿಮ್ಮ ಒಪ್ಪಿಗೆ ಕೇಳುವಂತೆ ಇಡಬಹುದು, ಅಥವಾ ಒಂದು ಸಲಕ್ಕೆ ₹5,000, ತಿಂಗಳಿಗೆ ₹15,000 ಮೀರದಂತೆ ಮೊದಲೇ ಅನುಮತಿ ಕೊಟ್ಟಿಡಬಹುದು. 13-14ರ ಮಕ್ಕಳಿಗೆ ಒಪ್ಪಿಗೆ ಕೇಳುವ ಬಗೆಯೇ ಸಾಕು.

ಹಂತ 3: ಶಾಖೆಯಲ್ಲಿ ಖಾತೆ ತೆರೆಯಿರಿ, ಈ ಪ್ರಶ್ನೆಗಳನ್ನು ಕೇಳಿ

ಮಗುವನ್ನು ಜೊತೆಗೆ ಕರೆದುಕೊಂಡು ಹೋಗಿ. ಸ್ವತಂತ್ರವಾಗಿ ನಡೆಸುವ ಖಾತೆಯಾದರೆ ಮಾದರಿ ಸಹಿ ಮಗುವಿನದೇ. ಹಿಂದಿನ ವಾರ ಮನೆಯಲ್ಲೇ ಬಿಳಿ ಹಾಳೆಯ ಮೇಲೆ ಒಂದೇ ಥರ ಇಪ್ಪತ್ತು ಸಲ ಸಹಿ ಹಾಕಿಸಿ. ಕೊನೆಗಳಿಗೆಯಲ್ಲಿ ಸುರುಳಿ ಸುರುಳಿಯಾಗಿ ಕಂಡುಹಿಡಿದ ಸಹಿ ಮುಂದೆ ಮಗುವಿಗೇ ಬರುವುದಿಲ್ಲ.

ಅರ್ಜಿಗೆ ಸಹಿ ಹಾಕುವ ಮುಂಚೆ ಕೌಂಟರಿನಲ್ಲಿ ಕೇಳಿ:

1. ಡೆಬಿಟ್ ಕಾರ್ಡಿಗೆ ದಿನದ ಎಟಿಎಂ ಮಿತಿ ಎಷ್ಟು, ಅಂಗಡಿ ಮತ್ತು ಆನ್‌ಲೈನ್ ಖರೀದಿಯ ಮಿತಿ ಎಷ್ಟು, ಅದನ್ನು ನಾವೇ ಇಳಿಸಬಹುದೇ?
2. ಖಾತೆಯಲ್ಲಿ ಕನಿಷ್ಠ ಮೊತ್ತ ಇಟ್ಟಿರಬೇಕೇ? ಇಡದಿದ್ದರೆ ದಂಡ ಎಷ್ಟು?
3. ಕಾರ್ಡಿನ ವಾರ್ಷಿಕ ಶುಲ್ಕ, ಎಸ್ಸೆಮ್ಮೆಸ್ ಶುಲ್ಕ ಎಷ್ಟು?
4. ಈ ಖಾತೆಗೆ ಯುಪಿಐ ಜೋಡಿಸಬಹುದೇ?
5. ನನ್ನ ಖಾತೆಯ ಜೊತೆ ಇದು ಸ್ವೀಪ್ ಆಗಿ ಜೋಡಣೆಯಾಗುತ್ತದೆಯೇ?

ಐದನೆಯದನ್ನು ಯಾರೂ ಕೇಳುವುದಿಲ್ಲ, ಅದೇ ಅಪಾಯಕಾರಿ. ಮಗುವಿನ ಖಾತೆಯಲ್ಲಿ ಹಣ ಕಡಿಮೆಯಾದಾಗ ನಿಮ್ಮ ಖಾತೆಯಿಂದ ತಾನಾಗಿ ಎಳೆದುಕೊಳ್ಳುವ ಜೋಡಣೆ ಇದ್ದರೆ, ಹಂತ 2ರಲ್ಲಿ ನೀವು ಕಟ್ಟಿದ ಬೇಲಿ ಬಿದ್ದುಹೋಯಿತು. ಬೇಕಾದದ್ದು ಇದಕ್ಕೆ ವಿರುದ್ಧವಾದದ್ದು: ನಿಗದಿತ ದಿನ ನಿಗದಿತ ಮೊತ್ತ ತಾನಾಗಿ ಹೋಗುವ ಸ್ಥಾಯಿ ಸೂಚನೆ.

ನಿಮ್ಮ ದೊಡ್ಡ ಮೊತ್ತದ ಠೇವಣಿಯನ್ನು ಮಗುವಿನ ಇದೇ ಖಾತೆಯಲ್ಲಿ ಇಡಬೇಡಿ. ಉಳಿತಾಯಕ್ಕೆ ಬೇರೆ ಖಾತೆ, ಕಾರ್ಡಿಗೆ ಬೇರೆ ಖಾತೆ.

ಹಂತ 4: ಮೊಬೈಲ್ ನಂಬರು, ಅಂದರೆ ನಿಜವಾದ ಬೀಗ

ಕಾರ್ಡಿನ ಪಿನ್‌ಗಿಂತ ಹೆಚ್ಚು ನಿಯಂತ್ರಣ ಇರುವುದು ಖಾತೆಗೆ ನೋಂದಾಯಿಸಿದ ಮೊಬೈಲ್ ನಂಬರಿನಲ್ಲಿ. ದೇಶದೊಳಗಿನ ಆನ್‌ಲೈನ್ ಖರೀದಿಗೆ ಸಾಮಾನ್ಯವಾಗಿ ಒಟಿಪಿ ಬೇಕು. ಅದು ನಿಮ್ಮ ಫೋನಿಗೆ ಬರುವಂತಿದ್ದರೆ ಮಗು ನಿಮ್ಮನ್ನು ಕೇಳದೆ ಏನನ್ನೂ ತರಿಸುವಂತಿಲ್ಲ. ಬೇರೆ ಯಾವ ಆ್ಯಪ್ ಹಾಕಿದರೂ ಇಷ್ಟು ಸರಳವಾದ ಕಾವಲು ಸಿಗದು.

ಆದರೆ ಇದಕ್ಕೊಂದು ಬೆಲೆಯಿದೆ. ಯುಪಿಐ ಕೆಲಸ ಮಾಡಬೇಕಾದರೆ ಬ್ಯಾಂಕಿನಲ್ಲಿರುವ ನಂಬರಿನ ಸಿಮ್ ಅದೇ ಫೋನಿನಲ್ಲಿರಬೇಕು. ನಿಮ್ಮ ನಂಬರು ಕೊಟ್ಟರೆ ಮಗುವಿನ ಫೋನಿನಲ್ಲಿ ಆ ಖಾತೆಯ ಯುಪಿಐ ನಡೆಯುವುದಿಲ್ಲ, ಮೊಬೈಲ್ ಬ್ಯಾಂಕಿಂಗೂ ಇಲ್ಲ. ಮಗುವಿನ ನಂಬರು ಕೊಟ್ಟರೆ ಎಲ್ಲವೂ ನಡೆಯುತ್ತದೆ, ಆದರೆ ಖರ್ಚಿನ ಸಂದೇಶ ನಿಮಗೆ ಕಾಣುವುದಿಲ್ಲ.

13ರಿಂದ 15ರವರೆಗೆ ಪೋಷಕರ ನಂಬರು, 16ರಿಂದ ಮಗು ಬಳಸುವ ನಂಬರು, ಜೊತೆಗೆ ಇಮೇಲ್ ಎಚ್ಚರಿಕೆ ನಿಮ್ಮ ವಿಳಾಸಕ್ಕೆ: ಇದು ಹೆಚ್ಚಿನ ಮನೆಗಳಿಗೆ ಒಗ್ಗುವ ಏರ್ಪಾಟು. ಸಂದೇಶವನ್ನು ಒಂದು ಕಡೆಗೂ ಇಮೇಲನ್ನು ಇನ್ನೊಂದು ಕಡೆಗೂ ಕಳಿಸಬಹುದು ಎಂಬುದು ಅರ್ಜಿ ತುಂಬುವಾಗ ನೆನಪಿಗೆ ಬರುವುದಿಲ್ಲ. ಇಮೇಲ್ ಜಾಗವನ್ನು ಖಾಲಿ ಬಿಡಬೇಡಿ. 18ರೊಳಗಿನವರ ಹೆಸರಿನಲ್ಲಿ ಸಿಮ್ ಸಿಗದ ಕಾರಣ ಮಗುವಿನ ನಂಬರೂ ನಿಮ್ಮ ಹೆಸರಿನಲ್ಲೇ ಇರುತ್ತದೆ. ಆ ಸಿಮ್‌ಗೆ ರೀಚಾರ್ಜ್ ನಿಂತು ನಂಬರು ಬೇರೆಯವರಿಗೆ ಹೋದರೆ ಬ್ಯಾಂಕಿನ ಸಂದೇಶಗಳೂ ಅವರಿಗೇ ಹೋಗುತ್ತವೆ. ನಂಬರು ಬದಲಿಸಿದ ದಿನವೇ ಬ್ಯಾಂಕಿಗೆ ತಿಳಿಸಿ.

ಹಂತ 5: ಕಾರ್ಡ್ ಬಂದ ಮೇಲೆ ಮೊದಲು ಸ್ವಿಚ್‌ಗಳು

ಲಕೋಟೆ ಒಡೆದ ಕೂಡಲೇ ಮಗುವಿಗೆ ಕೊಡಬೇಡಿ. ಹೊಸ ಕಾರ್ಡ್ ಬರುವಾಗ ದೇಶದೊಳಗಿನ ಎಟಿಎಂ ಮತ್ತು ಸ್ವೈಪ್ ಮೆಷಿನ್‌ಗಳಿಗೆ ಮಾತ್ರ ತೆರೆದಿರಬೇಕು, ಆನ್‌ಲೈನ್, ವಿದೇಶಿ ಮತ್ತು ಟ್ಯಾಪ್ (ಮೆಷಿನ್‌ಗೆ ಕಾರ್ಡ್ ತಾಗಿಸಿ ಪಾವತಿಸುವ) ವಹಿವಾಟುಗಳು ಮುಚ್ಚಿರಬೇಕು ಎಂಬುದು 2020ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮ. ಪ್ರತಿಯೊಂದನ್ನೂ ಆ್ಯಪ್‌ನಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ತೆರೆದು ಮುಚ್ಚಬಹುದು, ಮಿತಿಯನ್ನೂ ಇಡಬಹುದು.

ತಪ್ಪು ಆಗುವುದು ಹೀಗೆ: ಒಂದು ಆನ್‌ಲೈನ್ ಖರೀದಿ ವಿಫಲವಾಗುತ್ತದೆ, ಸಿಟ್ಟಿಗೆ ಎಲ್ಲ ಸ್ವಿಚ್‌ಗಳನ್ನೂ ಒಟ್ಟಿಗೆ ತೆರೆದು ಮಿತಿಯನ್ನು ಗರಿಷ್ಠಕ್ಕೆ ಎಳೆದುಬಿಡುತ್ತಾರೆ. ಆಮೇಲೆ ಮುಚ್ಚಲು ಮರೆಯುತ್ತಾರೆ. ಹಾಗಾಗದಂತೆ ಒಂದೊಂದನ್ನೇ ಹೊಂದಿಸಿ:

1. ಎಟಿಎಂ: ತೆರೆದಿರಲಿ, ದಿನಕ್ಕೆ ₹1,000.
2. ಸ್ವೈಪ್ ಮೆಷಿನ್: ತೆರೆದಿರಲಿ, ದಿನಕ್ಕೆ ₹1,000ದಿಂದ ₹2,000.
3. ಟ್ಯಾಪ್: ₹5,000ದವರೆಗೆ ಪಿನ್ ಇಲ್ಲದೆ ಹಣ ಹೋಗುತ್ತದೆ. ಆ್ಯಪ್‌ನಲ್ಲಿ ₹500ಕ್ಕೆ ಇಳಿಸಲು ಆದರೆ ಇಡಿ, ಇಲ್ಲದಿದ್ದರೆ ಮುಚ್ಚಿ.
4. ಆನ್‌ಲೈನ್: ಬೇಕಾದಾಗ ತೆರೆದು, ಖರೀದಿ ಮುಗಿದೊಡನೆ ಮುಚ್ಚಿ.
5. ವಿದೇಶಿ: ಮುಚ್ಚಿಯೇ ಇರಲಿ.

ವಿದೇಶಿ ಸ್ವಿಚ್ ಬಗ್ಗೆ ಕಟ್ಟುನಿಟ್ಟಾಗಿರಲು ಕಾರಣವಿದೆ. ಹೊರದೇಶದ ಅನೇಕ ತಾಣಗಳು ಒಟಿಪಿ ಕೇಳದೆಯೇ ಕಾರ್ಡಿನ ಸಂಖ್ಯೆ, ಅವಧಿ ಮತ್ತು ಸಿವಿವಿ (ಕಾರ್ಡಿನ ಮೇಲಿನ ಗುಪ್ತ ಅಂಕಿ) ಇಷ್ಟರಲ್ಲೇ ಹಣ ಎಳೆಯಬಲ್ಲವು. ಹಂತ 4ರ ಬೀಗ ಅಲ್ಲಿ ಕೆಲಸಕ್ಕೆ ಬಾರದು.

ಪಿನ್ ಅನ್ನು ಮಗುವೇ ಹಾಕಿಕೊಳ್ಳಲಿ. ಹುಟ್ಟಿದ ವರ್ಷ, ಫೋನಿನ ಲಾಕ್, 1234 ಬೇಡ. ನಿಮಗೆ ಪಿನ್ ಗೊತ್ತಿರಬೇಕಾದ ಅಗತ್ಯವಿಲ್ಲ, ಆ್ಯಪ್‌ನಲ್ಲಿ ಕಾರ್ಡ್ ಮುಚ್ಚುವ ಅಧಿಕಾರ ಇದ್ದರೆ ಸಾಕು.

ಹಂತ 6: ಹಣ ತುಂಬುವ ಪದ್ಧತಿ

ಮೊದಲ ಮೂರು ತಿಂಗಳು ತಿಂಗಳಿಗೊಮ್ಮೆ ಬೇಡ, ವಾರಕ್ಕೊಮ್ಮೆ ಹಾಕಿ. ತಿಂಗಳ ಮೊತ್ತ ಮೊದಲ ವಾರದಲ್ಲೇ ಕರಗುವುದು ಮಾಮೂಲು. ವಾರದ ಲೆಕ್ಕದಲ್ಲಿ ತಪ್ಪಾದರೂ ಮೂರ್ನಾಲ್ಕು ದಿನ ಕಾದರೆ ಸರಿಹೋಗುತ್ತದೆ. ನಡುವೆ ಕೇಳಿದಾಗಲೆಲ್ಲ ಹಾಕುತ್ತಾ ಹೋದರೆ ಡೆಬಿಟ್ ಕಾರ್ಡೂ ಮಗುವಿನ ಪಾಲಿಗೆ ಮಿತಿಯಿಲ್ಲದ ಸಾಲದ ಕಾರ್ಡೇ ಆಗುತ್ತದೆ, ಸಾಲ ಕೊಟ್ಟವರು ನೀವು ಅಷ್ಟೆ. ಶುಲ್ಕ, ಪುಸ್ತಕ, ಬಸ್ ಪಾಸ್ ಇಂಥವನ್ನು ಈ ಮೊತ್ತಕ್ಕೆ ಸೇರಿಸಬೇಡಿ, ಅವನ್ನು ನೀವೇ ಕಟ್ಟಿ.

ಹಂತ 7: ಮೊದಲ ವಹಿವಾಟುಗಳು ನಿಮ್ಮೆದುರಿಗೇ ಆಗಲಿ

ಎಟಿಎಂನಿಂದ ಶುರುಮಾಡಿ. ಸ್ವಂತ ಬ್ಯಾಂಕಿನ ಎಟಿಎಂ ಆಗಿರಲಿ, ತಿಂಗಳಿಗೆ ಐದು ವಹಿವಾಟು ಉಚಿತ. ಬೇರೆ ಬ್ಯಾಂಕಿನದಾದರೆ ಮೆಟ್ರೊ ನಗರಗಳಲ್ಲಿ ಮೂರು, ಉಳಿದೆಡೆ ಐದು. ಅದು ಮೀರಿದರೆ ಪ್ರತಿ ಸಲ ₹23ರವರೆಗೆ ಶುಲ್ಕ, ಮೇಲೆ ತೆರಿಗೆ. ಖಾತೆಯಲ್ಲಿ ಎಷ್ಟು ಹಣವಿದೆ ಎಂದು ನೋಡುವುದೂ ವಹಿವಾಟಿನ ಲೆಕ್ಕಕ್ಕೆ ಸೇರುತ್ತದೆ. ಪದೇ ಪದೇ ಹಾಗೆ ನೋಡುವ ಚಟ ಇರುವ ಮಕ್ಕಳಿಗೆ ಆ್ಯಪ್ ಅಥವಾ ಮಿಸ್ಡ್ ಕಾಲ್ ದಾರಿ ತೋರಿಸಿ. ಖಾತೆಯಲ್ಲಿ ₹180 ಇರುವಾಗ ₹200 ಒತ್ತಿದರೆ ವಹಿವಾಟು ವಿಫಲವಾಗುವುದಷ್ಟೇ ಅಲ್ಲ, ಹಣ ಸಾಲದ್ದಕ್ಕೆ ಕೆಲವು ಬ್ಯಾಂಕುಗಳು ದಂಡವನ್ನೂ ಕಡಿಯುತ್ತವೆ.

ಎಟಿಎಂನಲ್ಲಿ ಹಣ ಬರದೆ ಖಾತೆಯಲ್ಲಿ ಕಡಿತವಾದರೆ ಗಾಬರಿ ಬೇಡ, ಚೀಟಿ ಇಟ್ಟುಕೊಳ್ಳಲಿ. ವಹಿವಾಟಿನ ದಿನ ಬಿಟ್ಟು ಐದು ದಿನದೊಳಗೆ ಬ್ಯಾಂಕು ಹಣ ಮರಳಿಸಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ ಸೇರಿಸಿ ಕೊಡಬೇಕು.

ಅಂಗಡಿಯಲ್ಲಿ ಮೆಷಿನ್ ಮಗುವಿನ ಕೈಗೆ ಬರಲಿ, ಕಾರ್ಡ್ ಅಂಗಡಿಯವನ ಕೈಗೆ ಹೋಗುವುದು ಬೇಡ. ಪರದೆಯ ಮೇಲಿನ ಮೊತ್ತ ಓದಿ, ಕೈ ಅಡ್ಡ ಹಿಡಿದು ಪಿನ್ ಒತ್ತಬೇಕು. ಪಿನ್ ಅನ್ನು ಕೂಗಿ ಹೇಳು ಎನ್ನುವ ಕೌಂಟರುಗಳು ಇವತ್ತಿಗೂ ಇವೆ. "ನಾನೇ ಒತ್ತುತ್ತೇನೆ" ಎನ್ನುವುದನ್ನು ಮಗು ಸಂಕೋಚ ಬಿಟ್ಟು ಹೇಳುವಂತೆ ಅಭ್ಯಾಸ ಮಾಡಿಸಿ.

ಆನ್‌ಲೈನ್ ಖರೀದಿಯಲ್ಲಿ ನಿಧಾನವಾಗಿ ತೋರಿಸಬೇಕಾದದ್ದು ಒಟಿಪಿ ಸಂದೇಶ. ಅದರಲ್ಲಿ ಅಂಕಿಯ ಜೊತೆಗೆ ಮೊತ್ತ ಮತ್ತು ಅಂಗಡಿಯ ಹೆಸರೂ ಇರುತ್ತದೆ. ಮಕ್ಕಳ ಕಣ್ಣು ಆರು ಅಂಕಿಯ ಮೇಲೆ ಮಾತ್ರ ಓಡುತ್ತದೆ. ₹99ರ ಖರೀದಿಗೆ ಬಂದ ಸಂದೇಶದಲ್ಲಿ ₹9,900 ಎಂದಿದ್ದರೂ ಗಮನಿಸುವುದಿಲ್ಲ. ಮೊದಲು ಮೊತ್ತ, ಆಮೇಲೆ ಹೆಸರು, ಕೊನೆಗೆ ಅಂಕಿ, ಈ ಕ್ರಮದಲ್ಲಿ ಗಟ್ಟಿಯಾಗಿ ಓದಿಸಿ.

ಕಾರ್ಡ್ ವಿವರ 'ಉಳಿಸಲೇ' ಎಂದು ತಾಣ ಕೇಳಿದರೆ ಬೇಡ ಎನ್ನಲಿ. 2022ರ ಅಕ್ಟೋಬರ್‌ನಿಂದ ಅಂಗಡಿಗಳು ಕಾರ್ಡ್ ಸಂಖ್ಯೆಯನ್ನೇ ಇಟ್ಟುಕೊಳ್ಳುವಂತಿಲ್ಲ, ಅದರ ಬದಲಿಗೆ ಬಳಸುವ ಸಂಕೇತ, ಅಂದರೆ ಟೋಕನ್, ಮಾತ್ರ. ಸುರಕ್ಷೆಗೆ ಅದು ಒಳ್ಳೆಯದೇ, ಆದರೆ ಉಳಿಸಿದ ಕಾರ್ಡ್ ಖರೀದಿಯನ್ನು ತೀರಾ ಸಲೀಸು ಮಾಡಿಬಿಡುತ್ತದೆ. ಫೋನಿನ ಆ್ಯಪ್ ಸ್ಟೋರ್‌ಗೆ ಕಾರ್ಡ್ ಸೇರಿಸಲೇಬೇಕಿದ್ದರೆ ಪ್ರತಿ ಖರೀದಿಗೂ ಪೋಷಕರ ಅನುಮತಿ ಕೇಳುವ ವ್ಯವಸ್ಥೆಯನ್ನು ಮೊದಲು ಹಾಕಿ.

ಮತ್ತೆ ಮತ್ತೆ ಆಗುವ ತಪ್ಪುಗಳು

*'ಮೊದಲ ತಿಂಗಳು ಉಚಿತ' ಚಂದಾ.* ಮೊದಲ ಸಲ ಒಟಿಪಿ ಕೊಟ್ಟರೆ ಮುಂದಿನ ಕಂತುಗಳು, ₹15,000ದವರೆಗೆ, ಒಟಿಪಿ ಇಲ್ಲದೆಯೇ ಕಡಿತವಾಗುತ್ತವೆ. 24 ಗಂಟೆ ಮುಂಚೆ ಸಂದೇಶ ಬರುತ್ತದೆ, ಯಾರೂ ಓದುವುದಿಲ್ಲ. ಆ್ಯಪ್ ಅಳಿಸಿದರೆ ಚಂದಾ ನಿಲ್ಲದು. ಬ್ಯಾಂಕಿನ ತಾಣದಲ್ಲಿ ಇ-ಮ್ಯಾಂಡೇಟ್ (ತಾನಾಗಿ ಹಣ ಕಡಿಯಲು ಕೊಟ್ಟ ಅನುಮತಿ) ಪಟ್ಟಿ ತೆರೆದು ರದ್ದು ಮಾಡಬೇಕು. ಎರಡು ತಿಂಗಳಿಗೊಮ್ಮೆ ಈ ಪಟ್ಟಿ ನೋಡಿ.

*ಹೊಸ ಕಾರ್ಡಿನ ಫೋಟೊ.* ಕಾರ್ಡ್ ಬಂದ ಖುಷಿಗೆ ಸ್ಟೇಟಸ್‌ಗೆ ಹಾಕಿಬಿಡುತ್ತಾರೆ. ಸಂಖ್ಯೆ, ಹೆಸರು, ಅವಧಿ ಎಲ್ಲವೂ ಎದುರುಗಡೆಯೇ ಇರುತ್ತದೆ. ಹಾಗಾಗಿದ್ದರೆ ಚಿತ್ರ ಅಳಿಸಿ ಸುಮ್ಮನಾಗಬೇಡಿ, ಕಾರ್ಡ್ ಬ್ಲಾಕ್ ಮಾಡಿಸಿ ಬೇರೆಯದು ತರಿಸಿ.

*ಗೆಳೆಯರಿಗೆ ಕಾರ್ಡ್ ಕೊಡುವುದು.* ಪಿನ್ ಹೇಳಿ ಕೊಟ್ಟ ಮೇಲೆ ಹಣ ಹೋದರೆ ಅದು ಗ್ರಾಹಕರದೇ ನಿರ್ಲಕ್ಷ್ಯ, ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ತಿ ನಷ್ಟ ನಿಮ್ಮದೇ.

*ಬಳಸದೆ ಬಿಟ್ಟ ಖಾತೆ.* ಎರಡು ವರ್ಷ ಮಗುವಾಗಲಿ ನೀವಾಗಲಿ ವಹಿವಾಟು ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ, ಮತ್ತೆ ಕೆವೈಸಿಗೆ ಓಡಾಟ.

ಈ ಸೂಚನೆಗಳು ಕಂಡರೆ ಕಾರ್ಡ್ ಮುಚ್ಚಿ, ಆಮೇಲೆ ಮಾತಾಡಿ

ಗೊತ್ತಿಲ್ಲದವರಿಂದ ಹಣ ಬಂದು, ಅದೇ ದಿನ ಬೇರೆಲ್ಲಿಗೋ ಹೋಗಿದ್ದರೆ ಎಚ್ಚರ. "ನಿನ್ನ ಖಾತೆಗೆ ಹಣ ಹಾಕ್ತೀವಿ, ಅದನ್ನ ಮುಂದಕ್ಕೆ ಕಳಿಸು, ಸಾವಿರಕ್ಕೆ ಐವತ್ತು ನಿಂಗೆ" ಎಂದು ಕಾಲೇಜು ಮಕ್ಕಳನ್ನು ಹಿಡಿಯುವ ಜಾಲಗಳಿವೆ. ವಂಚನೆಯ ಹಣ ಸಾಗಿಸುವ ಇಂಥ ಬಾಡಿಗೆ ಖಾತೆಗೆ ಮ್ಯೂಲ್ ಖಾತೆ ಎನ್ನುತ್ತಾರೆ. ಪೊಲೀಸರು ಮೊದಲು ತಲುಪುವುದು ಈ ಮಗುವಿನ ಬಾಗಿಲಿಗೆ, ಯಾಕೆಂದರೆ ಖಾತೆಯ ಮೇಲಿರುವುದು ಅವರದೇ ಹೆಸರು. ಹಣ ಕಳೆದುಕೊಳ್ಳುವುದಕ್ಕಿಂತ ಇದು ದೊಡ್ಡ ತೊಂದರೆ, ಮಕ್ಕಳಿಗೆ ಮುಂಚಿತವಾಗಿಯೇ ಬಿಡಿಸಿ ಹೇಳಿ.

ಸಣ್ಣ ಸಣ್ಣ ಮೊತ್ತ, ₹10, ₹49, ₹89, ಒಂದೇ ರಾತ್ರಿ ಹತ್ತಾರು ಬಾರಿ ಹೋಗಿದ್ದರೆ ಆಟದೊಳಗಿನ ಖರೀದಿ ಇರಬಹುದು. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ನಿಷೇಧಿಸಿದೆ. ಆದರೂ ಬೇರೆಯವರ ಯುಪಿಐಗೆ ಹಣ ಕಳಿಸಿ ಆಡಿಸುವ ಕಳ್ಳದಾರಿಗಳಿಗೆ ಮಕ್ಕಳು ಸಿಕ್ಕಿಬೀಳಬಹುದು. ತಿಂಗಳ ಸ್ಟೇಟ್‌ಮೆಂಟ್ ನೋಡುವಾಗ ಮೊತ್ತಕ್ಕಿಂತ ವೇಳೆ ಮತ್ತು ಹೆಸರು ಗಮನಿಸಿ.

ಹಣ ಹೋಗಿದ್ದರೆ: ಮೊದಲ ಅರ್ಧ ಗಂಟೆ

1. ಆ್ಯಪ್‌ನಲ್ಲಿ ಕಾರ್ಡ್ ಬ್ಲಾಕ್ ಮಾಡಿ. ಆ್ಯಪ್ ತೆರೆಯದಿದ್ದರೆ ಬ್ಯಾಂಕಿನ ಸಹಾಯವಾಣಿ. ಆ ನಂಬರನ್ನು ಕಾರ್ಡಿನ ಹಿಂಭಾಗ ನೋಡಿ ಮೊದಲೇ ಎರಡೂ ಫೋನಿನಲ್ಲಿ ಉಳಿಸಿರಬೇಕು, ಗೂಗಲ್‌ನಲ್ಲಿ ಹುಡುಕಿದರೆ ವಂಚಕರ ನಂಬರೇ ಸಿಗಬಹುದು.
2. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೂ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಿರುವಾಗಲೇ ತಡೆಹಿಡಿಯುವ ಅವಕಾಶ ಇರುವುದು ಇಲ್ಲಿ.
3. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ.

ಲೆಕ್ಕ ಹೀಗಿದೆ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಹೊರಗಿನವರದು ಎಂದಾದರೆ, ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದಲ್ಲಿ ನಿಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳನೇ ದಿನದೊಳಗಾದರೆ ಸಾಮಾನ್ಯ ಉಳಿತಾಯ ಖಾತೆಗೆ ಗರಿಷ್ಠ ₹10,000. ಒಟಿಪಿ ನೀವೇ ಹೇಳಿದ್ದರೆ ಈ ರಕ್ಷಣೆ ಇಲ್ಲ, ಆದರೂ ತಿಳಿಸಿದ ನಂತರ ಹೋಗುವ ಹಣಕ್ಕೆ ಬ್ಯಾಂಕೇ ಜವಾಬ್ದಾರಿ. ಆದ್ದರಿಂದ ಬೈಯುವುದನ್ನು ಕಾರ್ಡ್ ಬ್ಲಾಕ್ ಆದ ಮೇಲೆ ಇಟ್ಟುಕೊಳ್ಳಿ. ಬೈಗುಳಕ್ಕೆ ಹೆದರಿ ಎರಡು ದಿನ ಬಾಯಿ ಬಿಡದ ಮಗುವಿನಿಂದಾಗುವ ನಷ್ಟ ಕಾರ್ಡಿನ ಮಿತಿಗಿಂತ ದೊಡ್ಡದಾಗಬಹುದು. ಬ್ಯಾಂಕು 30 ದಿನದೊಳಗೆ ಬಗೆಹರಿಸದಿದ್ದರೆ ದೂರು ಕೇಳಲು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ.

ಡೆಬಿಟ್ ಮತ್ತು ಕ್ರೆಡಿಟ್ ನಡುವಿನ ನಿಜವಾದ ವ್ಯತ್ಯಾಸ ಕಾಣುವುದು ಇಲ್ಲೇ. ಕ್ರೆಡಿಟ್ ಕಾರ್ಡಿನಲ್ಲಿ ತಕರಾರು ನಡೆಯುವಾಗ ಸಿಕ್ಕಿಹಾಕಿಕೊಂಡಿರುವುದು ಬ್ಯಾಂಕಿನ ಹಣ. ಡೆಬಿಟ್‌ನಲ್ಲಿ ನಿಮ್ಮದು, ಬ್ಯಾಂಕು ಅದನ್ನು ಖಾತೆಗೆ ತಾತ್ಕಾಲಿಕವಾಗಿ ಮರಳಿಸಲು ಹತ್ತು ಕೆಲಸದ ದಿನ ತೆಗೆದುಕೊಳ್ಳಬಹುದು. ಇದೊಂದೇ ಕಾರಣಕ್ಕೆ ಕ್ರೆಡಿಟ್ ಮೇಲು ಎನ್ನುವವರಿದ್ದಾರೆ. ದೊಡ್ಡವರ ವಿಷಯದಲ್ಲಿ ಅದು ಸರಿ. ಖಾತೆಯಲ್ಲಿ ₹1,500 ಮಾತ್ರ ಇಟ್ಟಿರುವ ಮಗುವಿಗೆ ಆ ವಾದ ಹೊಂದುವುದಿಲ್ಲ.

ಹಂತ 8: 18 ತುಂಬಿದಾಗ

ಹುಟ್ಟುಹಬ್ಬದ ಮರುದಿನ ಕಾರ್ಡ್ ನಿಂತುಹೋಯಿತು ಎಂಬ ದೂರು ತುಂಬಾ ಸಾಮಾನ್ಯ. 18 ತುಂಬಿದೊಡನೆ ಖಾತೆ ಸಾಮಾನ್ಯ ಖಾತೆಯಾಗಿ ಬದಲಾಗಬೇಕು. ಅದಕ್ಕೆ ಹೊಸ ಮಾದರಿ ಸಹಿ, ಫೋಟೊ, ಕೆವೈಸಿ, ಖಾತೆ ನಡೆಸುವ ಸೂಚನೆ ಬೇಕು. ಇವು ಬರುವವರೆಗೆ ಬ್ಯಾಂಕು ಹಣ ತೆಗೆಯುವುದನ್ನು ತಡೆಹಿಡಿಯಬಹುದು. ಕಾಲೇಜು ಶುಲ್ಕ ಕಟ್ಟುವ ಹೊತ್ತಿಗೆ ಹೀಗಾದರೆ ಫಜೀತಿ. ಒಂದು ತಿಂಗಳು ಮುಂಚೆ ಶಾಖೆಯಲ್ಲಿ ವಿಚಾರಿಸಿ. ಅಪ್ರಾಪ್ತರಿಗೆ ಕೊಟ್ಟ ಪ್ಯಾನ್ ಕಾರ್ಡಿನಲ್ಲಿ ಫೋಟೊ, ಸಹಿ ಇರುವುದಿಲ್ಲ, ಅದನ್ನೂ ಹೊಸದಾಗಿ ಮಾಡಿಸಬೇಕು.

ಕ್ರೆಡಿಟ್ ಕಾರ್ಡಿನ ಸಮಯ ಬರುವುದು ಈಗ. ಡೆಬಿಟ್ ಕಾರ್ಡನ್ನು ಒಂದು ವರ್ಷವಾದರೂ ಮಧ್ಯೆ ಹಣ ಕೇಳದೆ ನಡೆಸಿದ್ದರೆ ಮಾತ್ರ. ಆದಾಯವಿಲ್ಲದ ವಿದ್ಯಾರ್ಥಿಗೆ ತಕ್ಕದ್ದು ಠೇವಣಿ ಆಧಾರದ ಕಾರ್ಡ್: ಮಗುವಿನ ಹೆಸರಿನಲ್ಲಿ ₹15,000ದಿಂದ ₹20,000ದ ಎಫ್‌ಡಿ, ಅದರ ಬಹುಪಾಲು ಮೊತ್ತ ಕಾರ್ಡಿನ ಮಿತಿ. ಕನಿಷ್ಠ ಎಫ್‌ಡಿ ಎಷ್ಟೆಂಬುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಆ್ಯಡ್-ಆನ್‌ನಂತಲ್ಲ, ಇಲ್ಲಿ ಬೆಳೆಯುವುದು ಮಗುವಿನದೇ ಸಾಲ ಚರಿತ್ರೆ.

ಕಾರ್ಡ್ ಕೊಡುವ ಮುಂಚೆ ಒಂದು ಲೆಕ್ಕವನ್ನು ಕಾಗದದ ಮೇಲೆ ಮಗುವಿನಿಂದಲೇ ಮಾಡಿಸಿ. ಬಿಲ್ ₹8,000. 'ಕನಿಷ್ಠ ಪಾವತಿ' ಶೇ 5, ಅಂದರೆ ₹400 ಮಾತ್ರ ಕಟ್ಟಿದೆ ಎಂದುಕೊಳ್ಳಿ. ಉಳಿದ ₹7,600ಕ್ಕೆ ತಿಂಗಳಿಗೆ ಶೇ 3.5ರಂತೆ ಬಡ್ಡಿ ₹266, ಅದರ ಮೇಲೆ ಶೇ 18 ಜಿಎಸ್‌ಟಿ ಸುಮಾರು ₹48. ಒಟ್ಟು ₹314. ಕಟ್ಟಿದ ₹400ರಲ್ಲಿ ಸಾಲ ಕರಗಿದ್ದು ₹86. ಇಷ್ಟೇ ಅಲ್ಲ, ಬಾಕಿ ಉಳಿದಿರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಇರುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ. 'ಕನಿಷ್ಠ' ಎಂಬುದು ಬ್ಯಾಂಕಿಗೆ ಕೊಡಬೇಕಾದ ಕನಿಷ್ಠವೇ ಹೊರತು ಸಾಲ ತೀರಿಸಲು ಸಾಕಾಗುವ ಮೊತ್ತವಲ್ಲ.

ಆದ್ದರಿಂದ ಕಾರ್ಡ್ ಚಾಲೂ ಆದ ದಿನವೇ ಪೂರ್ತಿ ಬಿಲ್ ಖಾತೆಯಿಂದ ತಾನಾಗಿ ಕಟ್ಟಿಹೋಗುವಂತೆ ಇಡಿ. ಆಯ್ಕೆಯಲ್ಲಿ 'ಒಟ್ಟು ಬಾಕಿ' ಮತ್ತು 'ಕನಿಷ್ಠ ಬಾಕಿ' ಎರಡೂ ಇರುತ್ತವೆ, ಒಟ್ಟು ಬಾಕಿಯನ್ನೇ ಆರಿಸಿದ್ದೀರಾ ಎಂದು ಎರಡು ಸಲ ನೋಡಿ. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುವುದನ್ನು ಆ್ಯಪ್‌ನಲ್ಲೇ ಮುಚ್ಚಿಬಿಡಿ. ಅದಕ್ಕೆ ಶುಲ್ಕವೂ ಉಂಟು, ತೆಗೆದ ಗಳಿಗೆಯಿಂದ ಬಡ್ಡಿಯೂ ಉಂಟು.

ಮೊದಲ ಆರು ತಿಂಗಳು ಕಾರ್ಡಿನ ಮೇಲೆ ಒಂದೇ ಒಂದು ನಿಯಮಿತ ಖರ್ಚು, ಮೊಬೈಲ್ ರೀಚಾರ್ಜ್‌ನಂಥದ್ದು, ಇದ್ದರೆ ಸಾಕು. ಒಂದು ಬಿಲ್ ತಪ್ಪಿದರೂ ಕಾರಣ ಕೇಳಿ, ಎರಡನೆಯದು ತಪ್ಪಿದರೆ ಬಾಕಿ ಪೂರ್ತಿ ಕಟ್ಟಿಸಿ ಕಾರ್ಡ್ ಮುಚ್ಚಿಸಿ. ಕತ್ತರಿಯಲ್ಲಿ ಕತ್ತರಿಸಿದರೆ ಕಾರ್ಡ್ ಮುಚ್ಚಿದಂತಲ್ಲ, ವಾರ್ಷಿಕ ಶುಲ್ಕ ಬರುತ್ತಲೇ ಇರುತ್ತದೆ. ಬ್ಯಾಂಕಿಗೆ ಲಿಖಿತ ಕೋರಿಕೆ ಕೊಡಬೇಕು. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡಮಾಡಿದ ಪ್ರತಿ ದಿನಕ್ಕೆ ಬ್ಯಾಂಕೇ ನಿಮಗೆ ₹500 ದಂಡ ಕಟ್ಟಬೇಕು.